ಮೀನಿಗೊಂದು ಮರೆ

ಬಿಜೂರಿನ ಭೋಜರಾಜನ ಕೈಯ ಸಾರಣೆಗೆ ಒಂದು ಕಾಲದಲ್ಲಿ ಬೈಂದೂರಿನಿಂದ ಕುಂದಾಪುರದವರೆಗೆ ಹೆಸರಿತ್ತು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಲ್ಲಿ ಮನೆ ಕಟ್ಟಿಸಿದ ಸಾಹುಕಾರರು ಗೋಡೆಯ ಮೇಲೆ ಅಂಗೈ ಸವರಿ, ಎಲ್ಲೂ ಉಬ್ಬುತಗ್ಗು ಸಿಗದೆ, ಬಾಯಿತುಂಬ ಹೊಗಳಿ ಹೋಗುತ್ತಿದ್ದರು. ಹೊಗಳುವುದಕ್ಕೇನು ಖರ್ಚೇ! ಹೆಂಡತಿ ಚಂದ್ರಮತಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅವನ ಕರಣೆ ಮೂಲೆ ಸೇರಿತು. ಅವಳ ಬಟ್ಟೆ ಬದಲಿಸುವುದು, ಮೈ ಒರೆಸುವುದು, ಗಂಜಿ ಬೇಯಿಸುವುದು, ಮಗ್ಗುಲು ಬದಲಿಸುವುದು. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಬಟ್ಟೆಯಿಂದ ಶುರು. ಗೋಡೆಯಾದರೆ ಒಂದು ದಿನ ಮುಗಿಯುತ್ತದೆ, ಇದು ಮುಗಿಯುವ ಕೆಲಸವಲ್ಲ.

ಮಂಚವನ್ನು ಚಾವಡಿಯಲ್ಲಿ ಹಾಕಿದ್ದ. ಅಲ್ಲಿ ಫ್ಯಾನಿತ್ತು, ಗಾಳಿಯಿತ್ತು, ನೋಡಲು ಬರುವವರಿಗೂ ಅನುಕೂಲವಿತ್ತು. ಬರುವವರಿಗಂತೂ ಬರವಿರಲಿಲ್ಲ. ಪಕ್ಕದ ಮನೆಯ ಸುಗುಣ ಎರಡು ದಿನಕ್ಕೊಮ್ಮೆ ನೆಂಟರನ್ನೂ ಕರೆದುಕೊಂಡು ಬಂದು, ಕುರ್ಚಿ ಎಳೆದು ಕೂತು, ಮಲಗಿದವಳ ಮೈಮೇಲಿಂದಲೇ ಕೇಳುತ್ತಿದ್ದಳು.

"ಹ್ವಾಯ್ ಭೋಜಣ್ಣ, ಉಚ್ಚಿ ಎಲ್ಲ ಗೊತ್ತಾತ್ತಾ ಇವ್ರಿಗೆ?"

ಆಗೆಲ್ಲ ಚಂದ್ರಮತಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ಬರಬರುತ್ತ ಯಾರೂ ಇಲ್ಲದಾಗಲೂ ಹಾಗೆಯೇ ಇರತೊಡಗಿದಳು. ಮಾತು ನಿಂತಿತು. ಎರಡು ಚಮಚ ಗಂಜಿಗೆ ತುಟಿ ಬಿಗಿಯತೊಡಗಿದಳು. ಹೀಗೇ ಊಟ ಬಿಟ್ಟರೆ ಮೂಗಿಗೆ ನಳಿಗೆ ಹಾಕಬೇಕಾದೀತು ಎಂದರು ಡಾಕ್ಟರು. ಭೋಜರಾಜನಿಗೆ ಅಂದಿನಿಂದ ಒಂದೇ ಚಿಂತೆ, ಇವಳು ಉಣ್ಣಬೇಕು.

ಹಾಲಾಡಿಗೆ ಮದುವೆ ಮಾಡಿಕೊಟ್ಟ ಮಗಳು ಅಕ್ಷಯಾ ಒಂದು ಭಾನುವಾರ ಗಾಜಿನ ದೊಡ್ಡ ಮೀನಿನ ತೊಟ್ಟಿ ತಂದು ಮಂಚದ ಎದುರಿಗಿಟ್ಟಳು. "ಅಮ್ಮಂಗೆ ಹೊತ್ತ್ ಹೋಪುಕೆ, ಅಪ್ಪಯ್ಯ," ಅಂದಳು. ಪಟ್ಟೆಪಟ್ಟೆಯ ಸಣ್ಣ ಮೀನುಗಳು ಬರೀ ಗಾಜಿನೊಳಗೆ ಆ ಕೊನೆಯಿಂದ ಈ ಕೊನೆಗೆ ಬೆದರಿ ಓಡುತ್ತಿದ್ದವು. ಚಂದ್ರಮತಿ ಬಹಳ ಹೊತ್ತು ನೋಡಿದಳು. ಆಮೇಲೆ ತೊದಲುತ್ತ ಅಂದಳು, "ಪಾಪದವ್. ಅಡಗಿ ಕೂಕಂಬುಕೆ ಒಂದ್ ಮರೆ ಇಲ್ಲೆ ಅವ್ಕೆ."

ಎಷ್ಟೋ ವಾರಗಳ ಮೇಲೆ ಅವಳು ಆಡಿದ ಮಾತು ಅದು. ಭೋಜರಾಜ ತೊಟ್ಟಿಯ ಅಗಲವನ್ನು ಗೇಣಿನಿಂದ ಅಳೆದ. "ನಾನ್ ಮಾಡ್ತೆ ಕಾಣ್," ಅಂದ.

ಕುಂದಾಪುರದ ಮೀನಿನ ಅಂಗಡಿಯವನು ದಾರಿ ಹೇಳಿಕೊಟ್ಟ. ಥರ್ಮಕೋಲ್ ಕೆತ್ತಿ ಬಂಡೆಯಂತೆ ಮಾಡಿ, ಮೇಲೆ ಸಿಮೆಂಟಿನ ತೆಳು ಗಂಜಿ ಬಳಿದು, ಒಣಗಿದ ಮೇಲೆ ದಿನಾ ನೀರು ಬದಲಿಸಿ ನೆನೆಹಾಕಿದರೆ ಸುಣ್ಣದಂಶವೆಲ್ಲ ಇಳಿಯುತ್ತದೆ, ಇಲ್ಲದಿದ್ದರೆ ಮೀನು ಸಾಯುತ್ತವೆ ಅಂದ. ಥರ್ಮಕೋಲಿಗೆ ಭೋಜರಾಜ ದೂರ ಹೋಗಲಿಲ್ಲ. ಮೀನು ಮಾರುವ ಅಪ್ಪಿ ಬಂಗಡೆ ತುಂಬಿ ತರುತ್ತಿದ್ದ ಪೆಟ್ಟಿಗೆಗಳು ಒಡೆದು ಬಿದ್ದಿದ್ದವು. ಅವನ್ನು ತಂದು, ವಾಸನೆ ಹೋಗುವ ತನಕ ತಿಕ್ಕಿ, ಚೂರಿಯಿಂದ ಕೊರೆದು, ಅಲ್ಲಲ್ಲಿ ಗುಹೆ ಬಿಟ್ಟು, ಕೆಮ್ಮಣ್ಣಿನ ಬಣ್ಣ ಬೆರೆಸಿದ ಸಿಮೆಂಟು ಬಳಿದ. ಕೈಗೆ ಹಳೆಯ ಚಾಳಿ ಬಿಡಬೇಕಲ್ಲ! ಅವನಿಗೇ ಗೊತ್ತಿಲ್ಲದೆ ಕರಣೆ ಆಡಿ ಬಂಡೆಯೆಲ್ಲ ನುಣ್ಣಗಾಗಿತ್ತು.

ಚಂದ್ರಮತಿ ಓರೆಗಣ್ಣಿನಿಂದ ನೋಡಿ, "ಇದ್ ಕಲ್ಲಲ್ಲ. ಸಾಹುಕಾರ್ರ ಮನಿ ಗೋಡಿ," ಅಂದಳು.

ಮತ್ತೆ ಕೆರೆದು ಒರಟು ಮಾಡಿದ. ದಿನಗಟ್ಟಲೆ ಬಾವಿಯಿಂದ ನೀರು ಸೇದಿ ನೆನೆಹಾಕಿದ. ಅವಳ ಬಟ್ಟೆ ಒಗೆಯುವ ನೀರು, ಬಂಡೆ ನೆನೆಸುವ ನೀರು, ಎಲ್ಲ ಒಂದೇ ಬೆನ್ನಿನ ಮೇಲೆ. ಕೊನೆಗೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಬಂಡೆಯನ್ನು ಸಿಮೆಂಟಿನಿಂದಲೇ ಗಾಜಿಗೆ ಕೂರಿಸಿ, ಗಟ್ಟಿಯಾದ ಮೇಲೆ ತೊಟ್ಟಿ ತುಂಬಿಸಿದ. ಚಾ ಕಾಸಿ ಬರುವಷ್ಟರಲ್ಲಿ ಪಟ್ಟನೆ ಸದ್ದಾಯಿತು. ಬಂಡೆಯ ಗೋಡೆ ಗಾಜಿನಿಂದ ಬಿಟ್ಟು ಮೇಲೆ ಬಂದು ತೇಲುತ್ತಿತ್ತು. ಕೈಯಿಂದ ಒತ್ತಿದ, ಮತ್ತೆ ಎದ್ದಿತು. ಜೀವಮಾನವಿಡೀ ಗೋಡೆ ಬೀಳದ ಹಾಗೆ ಕಟ್ಟಿದವನು ಏಳುವ ಗೋಡೆಯನ್ನು ಕಂಡಿರಲಿಲ್ಲ. ತೋಳಿನವರೆಗೆ ಒದ್ದೆಯಾಗಿ ಅಲ್ಲೇ ನೆಲಕ್ಕೆ ಕುಕ್ಕರಿಸಿದ. ಅಳು ಬಂತು. ಗೋಡೆಗಾಗಿ ಅಲ್ಲ. ಸಾಕಾಗಿತ್ತು ಅವನಿಗೆ, ಅಷ್ಟೆ.

"ಹ್ವಾಯ್," ಮಂಚದಿಂದ ಕರೆದಳು ಚಂದ್ರಮತಿ. "ಚಾ ತಣ್ದ್ ಹೋತ್ತ್ ಕಾಣಿ."

ಮರುದಿನ ಅಂಗಡಿಯವನನ್ನು ಕೇಳಿ ಸಿಲಿಕೋನ್ ಗೋಂದು ತಂದು ಅಂಟಿಸಿದ. ಅದು ಒಣಗಲು ಮತ್ತೊಂದು ವಾರ ಕಾದ. ಈ ಸಲ ಗೋಡೆ ಏಳಲಿಲ್ಲ. ಬಿಟ್ಟ ಮೀನುಗಳು ಒಂದರ ಹಿಂದೊಂದು ಗುಹೆ ಹೊಕ್ಕು ಮಾಯವಾದವು.

ಆ ಮಧ್ಯಾಹ್ನ ಸುಗುಣ ತನ್ನ ನಾದಿನಿಯನ್ನು ಕರೆತಂದಳು. ಮೊದಲು ರೋಗಿಯನ್ನು ತೋರಿಸಿದಳು, ಆಮೇಲೆ ತೊಟ್ಟಿಯನ್ನು. "ಎಂತ ಭೋಜಣ್ಣ, ಮೀನೇ ಕಾಂತಿಲ್ಲೆ! ಸತ್ತ್ ಹೋದ್ವಾ?" ಎಂದು ಗಾಜಿಗೆ ಬೆರಳಿನಿಂದ ಕುಟ್ಟಿದಳು. ಒಂದು ಮೀನೂ ಹೊರಬರಲಿಲ್ಲ. ಮಂಚದಿಂದ ಕಿಸಕ್ಕನೆ ಸದ್ದು ಕೇಳಿತು. ಚಂದ್ರಮತಿ ಅರ್ಧ ಬಾಯಿಯಲ್ಲಿ ನಗುತ್ತಿದ್ದಳು.

ಅವರು ಹೋದ ಮೇಲೆ ಭೋಜರಾಜನೂ ನಗುತ್ತ ಹತ್ತಿರ ಬಂದ. ಅವಳ ನಗು ಅಷ್ಟರಲ್ಲಿ ನಿಂತಿತ್ತು.

"ನಂಗೂ ಒಂದ್ ಹಾಂಗಿದ್ದ್ ಮಾಡಿ ಕೊಡಿ," ಅಂದಳು. "ಯಾರಿಗೂ ಕಾಣ್ದೆ ಮನಿಕಂಬುಕೆ."

ಭೋಜರಾಜನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೀನಿಗೆ ಗುಹೆ ಬೇಕು ಎಂದಾಗ ಅಳತೆ ಹಿಡಿದು ಕೊರೆದವನಿಗೆ, ಹೆಂಡತಿಯನ್ನು ಊರವರ ಕಣ್ಣೆದುರು ಹರವಿಟ್ಟದ್ದು ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಒಳಕೋಣೆಯಲ್ಲಿದ್ದ ಅಕ್ಕಿಮೂಟೆ, ಹಳೆ ಪಾತ್ರೆಗಳನ್ನು ಹೊರಗೆ ಹಾಕಿದ. ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ, ಮಂಚವನ್ನು ಓರೆಯಾಗಿ ಬಾಗಿಲಲ್ಲಿ ತೂರಿಸಿದ. ಸೊಂಟ ಕೀಳುವಂತಿತ್ತು. ಮಲಗಿಸಿದ ಮೇಲೆ ಚಂದ್ರಮತಿ ಸಣ್ಣ ಕೋಣೆಯ ನಾಲ್ಕೂ ಗೋಡೆಗಳನ್ನು ಒಂದೊಂದಾಗಿ ನೋಡಿದಳು. "ಇಲ್ಲ್ ಗಾಳಿ ಇಲ್ಯಲೆ," ಅಂದ ಅವನು.

"ಅಡ್ಡಿಲ್ಲೆ. ಬಾಗ್ಲ್ ಹಾಕಿ. ಹೊಟ್ಟಿ ಹಸು ಆತ್ತ್."

ಬಾಗಿಲು ಮುಚ್ಚಿ ಗಂಜಿ ಉಣ್ಣಿಸಿದ. ಬಟ್ಟಲು ಅರ್ಧವಾಗಿತ್ತು, ಅವಳು ಇನ್ನೂ ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಚಾವಡಿಯಲ್ಲಿ ಸುಗುಣಳ ಸ್ವರ ಕೇಳಿತು.

"ಹ್ವಾಯ್! ಯಾರೂ ಇಲ್ಯಾ ಮನಿಯಂಗೆ?"

ಭೋಜರಾಜ ಉಸಿರು ಬಿಗಿಹಿಡಿದು ಚಮಚವನ್ನು ಅವಳ ಬಾಯಿಗಿಟ್ಟ.