ನಕ್ಷೆಯ ಮಡಚಿದ ಮೂಲೆ

ಬೀರುವಿನ ತಳಕ್ಕೆ ಹಾಸಿದ ಕಾಗದ ಬದಲಿಸುವಾಗ ಬರ್ಗೆನ್ ಎಂಬ ದೂರದೇಶದ ಬಂದರು ನಗರದ ನಕ್ಷೆ ಸಿಕ್ಕಿತು. ಬಂದರಿನ ಅಂಚಿಗೆ ಅಂಟಿಸಿದ ಸ್ಟಿಕ್ಕರ್ ಬೊಟ್ಟು ಮಾಸಿದೆ. ಕೆಳಗಿನ ಒಂದು ಮೂಲೆ ಒಳಕ್ಕೆ ಮಡಚಿಯೇ ಇದೆ.

ಬೊಟ್ಟು ಪಕ್ಕದ ಮನೆಯ ಅಕ್ಕನದು. ಎರಡು ಸಾವಿರದ ಇಸವಿ ದಾಟಿದ ಹೊಸತು... ವಿಶಾಖಪಟ್ಟಣದ ನಮ್ಮ ಬೀದಿಯಲ್ಲಿ ಕನ್ನಡದವರು ಎರಡೇ ಮನೆ. ಕುಮಟೆಯ ಆ ಅಕ್ಕನ ಗಂಡ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದರು. ಅಕ್ಕನ ಮನೆಯಲ್ಲಿ ಫೋನಿರಲಿಲ್ಲ, ಕರೆ ಬಂದರೆ ಕರೆದು ಹೇಳಲು ನಮ್ಮದೇ ಪಿ.ಪಿ. ನಂಬರು. ಹಡಗು ಯಾವ ಊರು ಮುಟ್ಟಿತೋ, ಗಂಡ ಹಿಂದೆ ತಂದುಕೊಟ್ಟಿದ್ದ ಆ ಊರಿನ ನಕ್ಷೆಗೆ ಅಕ್ಕ ಒಂದು ಬೊಟ್ಟು ಅಂಟಿಸುತ್ತಿದ್ದರು.

ಅಂದು ನಾಲ್ಕಕ್ಕೆ ಫೋನ್ ಬಂದಾಗ ಅಕ್ಕ ತರಕಾರಿಗೆ ಹೋಗಿದ್ದರು. ಹಡಗಿನ ಕಂಪನಿಯವರು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಎಂಜಿನ್ ಕೋಣೆಯಲ್ಲಿ ಅವಘಡ, ಮೈ ತುಂಬ ಸುಟ್ಟಿದೆ, ಬರ್ಗೆನ್ನಿನ ಆಸ್ಪತ್ರೆಯಲ್ಲಿದ್ದಾರೆ. ಈಗ ಎಚ್ಚರವಿದೆ, ಹೆಂಡತಿಯನ್ನು ಕೇಳುತ್ತಿದ್ದಾರೆ. ಅವರು ಬಂದ ಕೂಡಲೇ ಈ ನಂಬರಿಗೆ ಮಾಡಿಸಿ. ಆರಕ್ಕೆ ನಾವೂ ಮತ್ತೆ ಮಾಡುತ್ತೇವೆ. ನಂಬರನ್ನು ಪೇಪರಿನ ಅಂಚಿನಲ್ಲಿ ಬರೆದೆ. ಅಂಕಿಗಳನ್ನು ಸ್ಪಷ್ಟವಾಗಿ ಓದಬಹುದಿತ್ತು.

"ಫೋನ್ ಬಂದಿತ್ತೇನೇ?" ಎನ್ನುತ್ತ ಅಕ್ಕ ಒಳಗೆ ಬಂದರು.

"ಹಡಗು ಬರ್ಗೆನ್ ಮುಟ್ಟಿದೆಯಂತೆ ಅಕ್ಕಾ. ಆರಕ್ಕೆ ಮತ್ತೆ ಮಾಡ್ತಾರಂತೆ."

ನಮ್ಮ ಯಜಮಾನರು ಡ್ಯೂಟಿ ಮುಗಿಸಿ ಐದಕ್ಕೆ ಬರುತ್ತಾರೆ, ಉಳಿದದ್ದನ್ನು ಅವರೇ ಹೇಳಲಿ ಎಂದುಕೊಂಡೆ. ಪೇಪರನ್ನು ಫೋನಿನ ಕೆಳಗಿನ ಬಟ್ಟೆಯಡಿ ತಳ್ಳಿದೆ.

ಅಕ್ಕ ನಕ್ಷೆ ತಂದು ಹರಡಿ ಹೊಸ ಬೊಟ್ಟು ಅಂಟಿಸಿದರು. ಕಾಣದ ಆ ಊರು ಅವರಿಗೆ ಬಾಯಿಪಾಠ.

"ಹಡಗು ಒಳಗೆ ಬರುವಾಗ ಎಡಕ್ಕೆ ಮರದ ಮನೆಗಳು ನೋಡು. ಕೆಂಪು, ಹಳದಿ. ಬಸ್ಸಲ್ಲಿ ತೂಕಡಿಸೋರ ಹಾಗೆ ಒಂದರ ಮೇಲೊಂದು ಒರಗಿವೆಯಂತೆ. ಎದುರಿಗೆ ಮೀನುಪೇಟೆ. ಆ ರೇಟು ಹೇಳಿದರೆ ನಮ್ಮ ಭೀಮುನಿಪಟ್ಟಣದ ಮೀನಿನವಳು ನಕ್ಕು ಸಾಯ್ತಾಳೆ. ಬೆಟ್ಟಕ್ಕೆ ಹಗ್ಗದಿಂದ ಎಳೆಯೋ ರೈಲಿದೆ. ಸುತ್ತ ಏಳು ಬೆಟ್ಟ, ನಡುವೆ ಕಡಲು. ಮಳೆ ಮಾತ್ರ ಬಿಡೋದೇ ಇಲ್ಲ. ಈ ಸಲವೂ ನಮ್ಮವರು ಕೊಡೆ ಕೊಂಡಿರಲ್ಲ, ಜಿಪುಣ."

ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ.

"ಮೂಲೆಯಲ್ಲಿ ಈ ಕೆಂಪು ಗುರುತು ಏನೇ?"

"ಆಸ್ಪತ್ರೆ."

"ಅದು ನಮಗೆ ಬೇಡಪ್ಪ," ಎಂದು ಅಕ್ಕ ಆ ಮೂಲೆಯನ್ನು ಮಡಚಿ ಉಗುರಿನಿಂದ ಗೀರಿದರು.

ಐದಾಯಿತು, ಐದೂವರೆಯಾಯಿತು. ಯಜಮಾನರು ಬರಲಿಲ್ಲ. ಆರಕ್ಕೆ ಫೋನ್ ಬಡಿದುಕೊಂಡಾಗ ಅಕ್ಕನೇ ಎತ್ತಿಕೊಂಡು, "ಮಳೆ ಇದೆಯಾ ಅಲ್ಲಿ?" ಎಂದರು. ಆ ಕಡೆಯಿಂದ ಇಂಗ್ಲಿಷ್ ಕೇಳಿದ್ದೇ ರಿಸೀವರನ್ನು ನನ್ನತ್ತ ಚಾಚಿದರು. ಅರ್ಧ ಗಂಟೆಯ ಹಿಂದೆ ತೀರಿಕೊಂಡರು ಎಂದು ಆ ದನಿ ಹೇಳುವಷ್ಟು ಹೊತ್ತೂ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು...

ಕುಮಟೆಗೆ ಹೊರಡುವ ದಿನ ಅಕ್ಕ ನಕ್ಷೆಯನ್ನು ನನಗೆ ಕೊಟ್ಟರು. ಸುಟ್ಟ ಸಂಗತಿ ಮೊದಲ ಫೋನಿನಲ್ಲೇ ತಿಳಿದಿತ್ತೆಂದು ಅಷ್ಟರಲ್ಲಿ ನಾನೇ ಒಪ್ಪಿಕೊಂಡಿದ್ದೆ.

"ಆಗ ಅವರಿಗೆ ಎಚ್ಚರ ಇತ್ತೇನೇ?"

"ಇಲ್ಲ ಅಕ್ಕಾ."

"ಹೌದು ಬಿಡು. ಇದ್ದಿದ್ದರೆ ನನ್ನನ್ನ ಕೇಳದೇ ಇರ್ತಿರಲಿಲ್ಲ."

ಹೋದ ತಿಂಗಳು ಅಕ್ಕ ತೀರಿಕೊಂಡ ಸುದ್ದಿ ಬಂತು. ನಿಜವನ್ನು ಯಾರಿಗೆ ಹೇಳಬೇಕಿತ್ತೋ ಅವರು ಇನ್ನಿಲ್ಲ. ಇವತ್ತು ಮೂಲೆ ಬಿಡಿಸಿದೆ. ಬೆಳಕು ತಾಗದ ಆ ಗುರುತು ಇನ್ನೂ ಕೆಂಪಗೇ ಇದೆ. ಬೊಟ್ಟಿನಿಂದ ಅಲ್ಲಿಗೆ ಬೆರಳಿಟ್ಟು ಅಳೆದೆ. ಒಂದು ಗೇಣೂ ಇಲ್ಲ.