ಇಲ್ಲಿ ಆ ಹೆಸರಿನವರು ಯಾರೂ ಇಲ್ಲ

ಸುಜಾತಾ, ಲಂಡನ್ ಕಡೆಯ ನಿನ್ನ ನೌಕರಿ ಕೆಡಿಸಿದವಳು ನಾನು. ನಿನ್ನ ಅತ್ತೆ, ಸೋನಾಬಾಯಿ. ನಿನ್ನ ನಸೀಬಲ್ಲ, ಕಾಗದಪತ್ರದ ತಪ್ಪೂ ಅಲ್ಲ, ಇಂಗ್ಲಿಷಿನ ಕೊರತೆಯೂ ಅಲ್ಲ — ನಾಲ್ಕು ವರ್ಷದಿಂದ ನೀನು ಅವನ್ನೇ ಬೈಯುತ್ತ ಬಂದಿದ್ದೀಯ. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಿದ್ದೇನೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಇದನ್ನು ಬೇರೆಯವರೂ ಓದಬೇಕಾದೀತು.

ನೀನು ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೆ. ವೀಸಾ ಆ ಮಾಲೀಕನ ಕೆಲಸಕ್ಕೇ ಕಟ್ಟಿದ್ದು. ಬಿಟ್ಟರೆ ಅರವತ್ತು ದಿನದೊಳಗೆ ಇನ್ನೊಬ್ಬ ಮಾಲೀಕ ನಿನ್ನ ಹೆಸರಿಗೆ ಕಾಗದ ಮಾಡಿಕೊಡಬೇಕು, ಇಲ್ಲದಿದ್ದರೆ ವಿಮಾನ ಹತ್ತಬೇಕು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೊದಲು ಕಿವಿಗೆ ಬಿದ್ದದ್ದು ಒಂದೇ ಮಾತು. ನನ್ನ ಮಗ, ನಿನ್ನ ಗಂಡ ಗೌತಮ ಹೊರಸಿನ ಮೇಲೆ ಕೂತು ಫೋನು ಹಿಡಿದಿದ್ದ, ಅದರೊಳಗಿಂದ ನೀನು ಪಿಸುಗುಟ್ಟಿದೆ: "ಅತ್ತಿಯವ್ರಿಗಿ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ."

ನೀನು ಆಗ ಗುಟ್ಟಾಗಿ ಬೇರೆ ಕೆಲಸ ಹುಡುಕುತ್ತಿದ್ದೆ. ನೌಕರಿ ಬದಲಿಸುವವಳಿಗೆ ಪಿಸುಮಾತು ಯಾಕೆ? ಅಲ್ಲಿ ನಿನ್ನ ಜೊತೆ ನಮ್ಮ ಭಾಲ್ಕಿಯ ಇನ್ನಿಬ್ಬರು ಹುಡುಗಿಯರಿದ್ದರು. ಅವರ ತಾಯಂದಿರು ನಮ್ಮ ಓಣಿಯವರು. ನನ್ನ ಬಾಯಿಂದ ಹೊರಟ ಮಾತು ಅವರ ಕಿವಿ ಹಾದು, ಕಡಲು ದಾಟಿ ನಿನ್ನ ಮಾಲೀಕನಿಗೆ ಮುಟ್ಟೀತು, ಹೊಸ ಕೆಲಸ ಗಟ್ಟಿಯಾಗುವ ಮೊದಲೇ ಅವನು ಹೊರಗೆ ಹಾಕ್ಯಾನು ಎಂದು ನಿನಗೆ ಭಯ. ಸುಳ್ಳೇನಲ್ಲ, ನನ್ನ ಬಾಯಿ ಅಂಥದ್ದೇ. ಆದರೆ ಆಗ ನನಗೆ ಹೊಳೆದದ್ದು ಬೇರೆ. ಅದೇ ವಾರ ನಿನ್ನ ಫೋನಿನಲ್ಲಿ ಒಂದು ಗಂಡು ದನಿ "ಸುಜಾ" ಎಂದಿತು, ನೀನು ಫಕ್ಕನೆ ಫೋನು ಇಟ್ಟೆ. ಆಮೇಲೆ ಮುಖ ತೋರಿಸಿ ಮಾತಾಡುವುದನ್ನೂ ಬಿಟ್ಟೆ. ಪಿಸುಮಾತು, ಗಂಡಸು, ಮುಖ ಮರೆಸುವುದು — ನಾನು ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದೆ. ಗೌತಮನಿಗೆ ಹೇಳಲಿಲ್ಲ. ಒಳಗೊಳಗೇ ಕಾದೆ.

ಆಗ ಆ ಮನುಷ್ಯ ಬಂದ.

ನಡುಮಧ್ಯಾಹ್ನ. ಗೌತಮ ಪಾಠ ಹೇಳಲಿಕ್ಕೆ ಔರಾದದ ಸಾಲೆಗೆ ಹೋಗಿದ್ದ. ಬೀದರಿನಿಂದ ಮೋಟಾರ್ ಸೈಕಲ್ ಮೇಲೆ ಬಂದವನು, ಬಗಲಲ್ಲಿ ಫೈಲು, ಅಂಗಿಯೆಲ್ಲ ಬೆವರು. ನೀರು ಕೊಟ್ಟೆ. ಕುಡಿದು ಕೇಳಿದ:

"ಸುಜಾತಾ ಅನ್ನೋರ ಮನಿ ಇದೇ ಏನ್ರಿ ಅಮ್ಮಾ? ಎಷ್ಟು ವರ್ಷದಿಂದ ಅದಾರ್ರಿ? ಲಗ್ನ ಆಗ್ಯಾದೇನ್ರಿ? ನಡತಿ ಹ್ಯಾಂಗ ಅದರಿ?"

ಇಂಥ ಪ್ರಶ್ನೆಗಳನ್ನು ನಾನೇ ಹೋಗಿ ಕೇಳಿ ಬಂದವಳು, ಸುಜಾತಾ. ನಮ್ಮಲ್ಲಿ ಸಂಬಂಧ ಕುದುರುವ ಮೊದಲು ಗುರುತಿಲ್ಲದ ಒಬ್ಬರನ್ನು ಆ ಊರಿಗೆ ಕಳಿಸುತ್ತಾರೆ — ಏನಾದರೂ ನೆವ ಹೇಳಿಕೊಂಡು ಹೋಗಿ ಮನೆತನದ ಪತ್ತೆ ತೆಗೆದುಕೊಂಡು ಬರಲಿಕ್ಕೆ. ನನ್ನ ತಂಗಿಯ ಲಗ್ನದ ಹೊತ್ತಿಗೆ ಎಮ್ಮೆ ಕೊಳ್ಳುವ ನೆವ ಮಾಡಿ ವರನ ಊರಾದ ಅಷ್ಟೂರಿಗೆ ಹೋದವಳು ನಾನೇ. ಎಮ್ಮೆಯ ಹಲ್ಲು ನೋಡುತ್ತ ನೋಡುತ್ತ ವರನ ಅಪ್ಪ ಕುಡಿಯುವುದನ್ನು ತಿಳಿದುಕೊಂಡು ಬಂದಿದ್ದೆ. ನನ್ನೆದುರಿಗೇ ಬಂದು ಈ ಹುಡುಗ ನಾಟಕ ಆಡುತ್ತಾನಲ್ಲ ಎನ್ನಿಸಿತು. ಫೋನಿನ ಗಂಡಸೇ ಇವನನ್ನು ಕಳಿಸಿದ್ದಾನೆ, ನಿನ್ನನ್ನು ಇಲ್ಲಿಂದ ಬಿಡಿಸಿಕೊಳ್ಳುವ ಮೊದಲು ಪತ್ತೆ ತೆಗೆಸುತ್ತಿದ್ದಾನೆ —

"ಯಾರ್ ಕಳಿಸ್ಯಾರೋ ನಿನಗ?"

"ಕಂಪನಿಯವ್ರು ಕಳಿಸ್ಯಾರ್ರಿ."

"ಕಂಪನಿಗಿ ಹೆಸರಿಲ್ಲೇನು? ಅವ್ವ-ಅಪ್ಪ ಹೆಸರು ಇಟ್ಟಿಲ್ಲೇನು ಅದಕ್ಕ?"

"ಅದು ಹೇಳಂಗಿಲ್ರಿ ಅಮ್ಮಾ. ನಾವು ಪತ್ತಾ ನೋಡಿ ಬರಕೊಂಡು ಹೋಗೋರಷ್ಟೇ."

ಹೇಳುವಂತಿಲ್ಲ ಎಂದನಲ್ಲ, ಅಲ್ಲಿಗೆ ನನ್ನ ಗುಮಾನಿ ಗಟ್ಟಿಯಾಯಿತು. ಅವನ ಜಾಡು ಇಲ್ಲಿಗೇ ತಪ್ಪಲಿ ಎಂದು, ಗೋಡೆಯ ಮೇಲಿನ ನಿಮ್ಮ ಲಗ್ನದ ಫೋಟೋ ಅವನಿಗೆ ಕಾಣದಂತೆ ಬಾಗಿಲಿಗೆ ಅಡ್ಡ ನಿಂತು ಹೇಳಿದೆ:

"ಇಲ್ಲಿ ಆ ಹೆಸರಿನವ್ರು ಯಾರೂ ಇಲ್ಲ."

ಅವನು ನನ್ನ ಮುಖ ನೋಡಿದ. "ಖರೇನಾ ಅಮ್ಮಾ? ಒಮ್ಮಿ ಬರದ್ರ ಆಮ್ಯಾಲ ಬದಲಿ ಮಾಡಕ್ಕ ಬರಂಗಿಲ್ರಿ."

"ಬರಕೋ. ನಿನ್ನ ಕಳಿಸಿದಾಂವಗ ಓದಿ ಹೇಳು."

ಬರೆದುಕೊಂಡ. ಸಹಿ ಕೇಳಿದ. ಹಾಕಿದೆ.

ಇಲ್ಲಿಯವರೆಗಿನದು ಮಂಕುಬುದ್ಧಿ ಎನ್ನಬಹುದು. ಇದರ ಮುಂದಿನದಕ್ಕೆ ಆ ಹೆಸರೂ ಸಲ್ಲುವುದಿಲ್ಲ. ಮೂರು ದಿನ ಕಳೆದು ಗೌತಮ ಊಟಕ್ಕೆ ಕೂತಾಗ ಎಲ್ಲವನ್ನೂ ಬಿಡಿಸಿ ಹೇಳಿದ — ನೀನು ಹಳೆಯ ಮಾಲೀಕನ ಕೆಲಸ ಬಿಟ್ಟದ್ದು, ಹೊಸ ಆಸ್ಪತ್ರೆಯವರು ಒಪ್ಪಿದ್ದು, ಅರವತ್ತು ದಿನದ ಲೆಕ್ಕ. "ಅವ್ವಾ, ಆ ಆಸ್ಪತ್ರಿಯವ್ರ ಕಡಿಂದ ಮನಿ ಪತ್ತಾ ನೋಡ್ಲಿಕ್ಕ ಒಬ್ಬಾಂವ ಬರ್ತಾನ. ಚಂದಂಗ ಮಾತಾಡಿ ಕಳಿಸು." ಇನ್ನೂ ದಿನಗಳಿದ್ದವು. ಬಂದು ಹೋದ, ನಾನು ಸುಳ್ಳು ಹೇಳಿದೆ ಎಂದಿದ್ದರೆ ಗೌತಮ ಮರುದಿನವೇ ಬೀದರಿಗೆ ಓಡುತ್ತಿದ್ದ. ನಾನು ಏನೂ ಅನ್ನಲಿಲ್ಲ. ಹೆದರಿಕೆ ಇತ್ತು, ಹೌದು. ಆದರೆ ಹೆದರಿಕೆಯೊಂದೇ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಸೊಸೆ ತಿರುಗಿ ಬರಲಿ, ಮನೆಗೆ ಬಂದು ಬೀಳಲಿ, ಕಣ್ಣೆದುರಿಗೆ ಇರಲಿ — ಅದೂ ಇತ್ತು.

ಕಾಗದಪತ್ರ ತಾಳೆಯಾಗಲಿಲ್ಲ ಎಂದಷ್ಟೇ ಹೇಳಿ ಹೊಸ ಆಸ್ಪತ್ರೆಯವರು ನಿನ್ನನ್ನು ಕೈಬಿಟ್ಟರು. ನೀನು ಅಳುತ್ತ ಫೋನು ಮಾಡಿ ನನ್ನನ್ನೇ ಕೇಳಿದೆ: "ಮನಿಗಿ ಯಾರರ ಬಂದಿದ್ರೇನ್ರಿ ಅತ್ತಿ?"

"ಯಾರೂ ಬಂದಿಲ್ಲವ್ವ," ಅಂದೆ.

ನೀನು ತಿರುಗಿ ಬಂದ ದಿನ, ಸ್ನಾನಕ್ಕೆ ಹೋದಾಗ ನಿನ್ನ ಚೀಲ ಬಿಚ್ಚಿ ತಡಕಿದೆ. ಗಂಡಸಿನ ಗುರುತು ಹುಡುಕಿದೆ. ಸಿಕ್ಕದ್ದು ಸೊಂಟಕ್ಕೆ ಕಟ್ಟುವ ಪಟ್ಟಿ, ನೋವಿನ ಗುಳಿಗೆ. ಇಬ್ಬರು ಎತ್ತಬೇಕಾದ ರೋಗಿಯನ್ನು ನಿನ್ನೊಬ್ಬಳಿಂದಲೇ ಎತ್ತಿಸುತ್ತಿದ್ದರಂತೆ. ಅದಕ್ಕೇ ಕೆಲಸ ಬಿಟ್ಟಿದ್ದು. ನೋವಿಗೆ ಮುಖ ಬಾಡಿತ್ತು, ಅದಕ್ಕೇ ತೋರಿಸಲಿಲ್ಲ. "ಸುಜಾ" ಎಂದು ಕರೆದವನು ಎಂಬತ್ತು ದಾಟಿದ, ಹಾಸಿಗೆ ಹಿಡಿದ ಮುದುಕ. ಇದೆಲ್ಲ ನೀನೇ ಒಂದು ದಿನ ಸೊಪ್ಪು ಸೋಸುತ್ತ ಹೇಳಿದೆ. ನಾನು ಕಡ್ಡಿ ಆರಿಸುತ್ತಲೇ ಇದ್ದೆ.

ಈಗ ಬೀದರಿನ ಆಸ್ಪತ್ರೆಗೆ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೀಯ. ನಾನು ಒಳಗೆ ಬಂದಾಗ ನೀನು ಫೋನು ಮಗುಚಿಟ್ಟರೆ ಇವಳಿಗೆ ಗೊತ್ತಾಗಿದೆಯೇನೋ ಎಂದು ಈಗಲೂ ನಿನ್ನ ಮುಖ ಓದುತ್ತೇನೆ. ಚಾಳಿ ಸತ್ತಿಲ್ಲ.

ಮೊನ್ನೆ ಲಂಡನ್ ಕಡೆಯಿಂದಲೇ ಇನ್ನೊಂದು ಆಸ್ಪತ್ರೆಯ ಕರೆ ಬಂತು. ಗೌತಮ ಫಾರ್ಮ್ ತಂದುಕೊಟ್ಟ. ನೀನು ಅದನ್ನು ಹಾಸಿಗೆಯ ಕೆಳಗೆ ತುರುಕಿ, "ನನ್ನ ಹೆಸರಿನ ಮ್ಯಾಲ ಏನೋ ದಾಗ್ ಅದರಿ, ಬ್ಯಾಡ" ಅಂದೆ. ಆ ದಾಗು, ಆ ಮಸಿ ಬಳಿದವಳು ನಾನು. ಫಾರ್ಮ್ ಕಳಿಸಲಿಕ್ಕೆ ಈ ವಾರವೇ ಕೊನೆ.

ನಾಳೆ ನಿನಗೆ ರಜೆ, ಗೌತಮನೂ ಮನೆಯಲ್ಲಿರುತ್ತಾನೆ. ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಇಂಗ್ಲಿಷಿಗೆ ಮಾಡಿಸಿ ಫಾರ್ಮಿನ ಜೊತೆಗಿಡು. ಅವರು ಯಾರನ್ನು ಕಳಿಸಿ ಕೇಳಿದರೂ ನಾನೇ ಹೇಳುತ್ತೇನೆ. ಅದಕ್ಕೂ ಮೊದಲು ಗೌತಮನನ್ನು ಕರೆದು ಕೂರಿಸಿಕೊಂಡು ಗಟ್ಟಿಯಾಗಿ ಓದು. ಒಂದು ಅಕ್ಷರವನ್ನೂ ಬಿಡಬೇಡ. ನೀವಿಬ್ಬರೂ ಏನು ಅಂದರೂ ಸರಿ, ನಾನು ಎದ್ದು ಹೋಗುವುದಿಲ್ಲ.