ಗೋದಕ್ಕನ ಅಂಗಳದಲ್ಲಿ ಕೂತ ಓಟ

ಬೆಳಗಿನಿಂದ ಮಾಡಿದ ಕೆಲಸಗಳು: ಹಾಲು ಕಾಯಿಸಿದೆ, ಮಜ್ಜಿಗೆ ಕಡೆದೆ, ದೋಸೆ ಹೊಯ್ದೆ, ಮೊದಲನೆಯದು ಎಂದಿನಂತೆ ಕಾವಲಿಗೆ ಅಂಟಿತು, ಮೆಣಸಿನಕಾಯಿಯ ತೊಟ್ಟು ಮುರಿದೆ, ಗ್ಯಾಸಿನವನಿಗೆ ಫೋನು ಮಾಡಿದೆ, ಅವನು ಎತ್ತಲಿಲ್ಲ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಹರಿದಿತ್ತೆಂದು ಹಳೆ ಅರಿವೆಯ ಗಂಟು ಬಿಚ್ಚಿದೆ. ಬಿಚ್ಚಬಾರದಿತ್ತು. ಆಮೇಲೆ ಅರ್ಧ ಗಂಟೆ ಯಾವ ಕೆಲಸವೂ ಸಾಗಲಿಲ್ಲ.

ಗಂಟಿನಲ್ಲಿ ಸಿಕ್ಕಿದ್ದು ಎರಡು ಅಂಗೈ ಅಗಲದ ಒಂದು ಬಿಳಿ ಬಟ್ಟೆ. ಅದರ ಮೇಲೆ ನೀಲಿ ಬಣ್ಣದಲ್ಲಿ, ನನ್ನದೇ ಕೈಬರಹದ ೧೭. ನಾಲ್ಕು ಮೂಲೆಗೂ ಪಿನ್ನಿನ ತುಕ್ಕು. ನೀವು ಆ ಕಾಲದಲ್ಲಿ ಶಿರಸಿಯ ನಮ್ಮ ಓಣಿಯ ಆಸುಪಾಸಿನಲ್ಲಿ ಇದ್ದವರಾದರೆ ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು. ಹಳೆಯ ಎರಡು ಚಾದರ ಕತ್ತರಿಸಿ ಒಟ್ಟು ನಲವತ್ತು ಹೊಲಿದಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಓಣಿಯ ಅರ್ಧ ಜನರಿಗೆ ಸಕ್ಕರೆ ಕಾಯಿಲೆ, ಉಳಿದರ್ಧಕ್ಕೆ ಅದು ಬಂದೀತೆಂಬ ಚಿಂತೆ. ಎರಡೂ ಬಣದವರು ಗಣಪತಿ ಪೆಂಡಾಲಿನಲ್ಲಿ ಕೂತು, ಲಾಡು ತಿನ್ನುತ್ತ, ಊರಿನಲ್ಲೊಂದು ಮೋಜಿನ ಓಟ ನಡೆಸುವುದೆಂದು ತೀರ್ಮಾನಿಸಿದರು. ಮೋಜಿನ ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ಓಟದ ಬಗ್ಗೆ ತಲೆ ಕೆಡಿಸಿಕೊಂಡವರು ಒಬ್ಬರೇ, ಎದುರು ಮನೆಯ ಡ್ರಿಲ್ ಮಾಸ್ತರು ಫಕೀರಪ್ಪನವರು.

ಮಾಸ್ತರು ಹಾನಗಲ್ ಕಡೆಯವರು. ಅವರು ಕಲಿಸುತ್ತಿದ್ದ ಶಾಲೆಯ ಮೈದಾನ ಎಷ್ಟು ಇಳಿಜಾರೆಂದರೆ, ಒದ್ದ ಚೆಂಡನ್ನು ಹುಡುಕುವುದರಲ್ಲೇ ಪಿರಿಯಡ್ಡು ಮುಗಿಯುತ್ತಿತ್ತು. ಸಿದ್ದಾಪುರ, ಯಲ್ಲಾಪುರ ಎಂದು ಕ್ರೀಡಾಕೂಟಗಳಿಗೆ ಹೋದಲ್ಲೆಲ್ಲ ಸಮಯ ನೋಡುವ ಕೆಲಸ ಹಿರಿಯರಿಗೆ, ಗೆರೆ ಎಳೆಯುವ ಸುಣ್ಣದ ಬಾಲ್ದಿ ಇವರಿಗೆ. ಸ್ವಂತಕ್ಕೆಂದು ಕೊಂಡ ಸ್ಟಾಪ್ ವಾಚು ಅಷ್ಟು ವರ್ಷ ಅವರ ಹೆಂಡತಿಯ ಅನ್ನ ಬೇಯುವುದನ್ನು ಮಾತ್ರ ಅಳೆದಿತ್ತು. ಬರುವ ಮಾರ್ಚಿಗೆ ನಿವೃತ್ತಿ.

“ಅಕ್ಕಾರ, ಒಂದ ಒಂದು ಓಟ ನನ್ನ ವಾಚಿನಾಗ ಮುಗೀಬೇಕ ನೋಡ್ರಿ. ಅಷ್ಟಾದ್ರ ಸಾಕು” ಎಂದಿದ್ದರು ನನ್ನ ಹತ್ತಿರ.

ಅವರ ಆ ಒಂದು ಓಟವನ್ನು ಕೆಡಿಸಿದವಳು ನಾನೇ. ನಂಬರು ಹೊಲಿಯುವುದರ ಜೊತೆಗೆ, ಓಟಗಾರರು ಎಲ್ಲಿ ಹಿಂತಿರುಗಬೇಕೆಂದು ಗೊತ್ತು ಮಾಡುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಶಾಲೆಯ ಗೇಟಿನಿಂದ ಹುಲೇಕಲ್ ರಸ್ತೆಯಲ್ಲಿ ಒಂದೂವರೆ ಕಿಲೋಮೀಟರಿಗೆ ಗೋದಕ್ಕನ ಮನೆ. ನಮ್ಮವರ ದೊಡ್ಡಪ್ಪನ ಸೊಸೆ, ಅಂಗಳವೂ ದೊಡ್ಡದು. ಬಂದವರ ಕೈಗೆ ಕೆಂಪು ರಿಬ್ಬನ್ ಕಟ್ಟಿ ವಾಪಸ್ ಕಳಿಸಿದರಾಯಿತು ಎಂದೆ. “ಅಕ್ಕು” ಎಂದಳು ಗೋದಕ್ಕ, ಆಗಲಿ ಎಂದು. ಆ ಅಕ್ಕು ಎಂಬುದನ್ನು ನಾನು ನಂಬಿದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸ್ರಿ ಕೊಡಬೇಕು: ಬೆಲ್ಲ ನೀರೋ, ಕಷಾಯವೋ, ಕುಡಿಯಲಿಕ್ಕೆ ಏನಾದರೊಂದು. ಸುಮ್ಮನೆ ಬಂದವರಿಗೇ ಹಾಗಾದರೆ, ಏದುಸಿರು ಬಿಡುತ್ತ ಬಂದವರಿಗೆ? ಇದು ನನಗೆ ಹೊಳೆಯದೇ ಹೋಯಿತು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ಅತ್ತೆಯೂ ನಂಬಲಿಲ್ಲ.

ಆ ಭಾನುವಾರ ರಿಬ್ಬನ್ ಹಿಡಿದು ನಾನು ಹೋಗುವಷ್ಟರಲ್ಲಿ ಗೋದಕ್ಕನ ಜಗಲಿಯ ಮೇಲೆ ಒಂದು ದೊಡ್ಡ ಕೊಳದಪ್ಪಲೆ ತುಂಬ ಬೆಲ್ಲ ನೀರು, ಇನ್ನೊಂದರಲ್ಲಿ ಕಷಾಯ. ಮೊದಲು ಬಂದವನು ಕಾಲೇಜಿನ ಹುಡುಗ, ಬಾಣದ ಹಾಗೆ ಬಂದ.

“ಬಾರ ತಮಾ, ಕೂತ್ಗ” ಎಂದಳು ಗೋದಕ್ಕ.

“ಇಲ್ಲೆ ದೊಡ್ಡಮ್ಮ, ಓಡಕ್ಕು.”

“ಓಡ್ಲಕ್ಕು. ಆಸ್ರಿ ಕುಡೀದೆ ಈ ಅಂಗಳ ದಾಟಿದವ್ವು ಯಾರೂ ಇಲ್ಲೆ.”

ಅವನು ಕೂತ. ಎರಡನೆಯವನು ಬಂದು, ಮೊದಲನೆಯವನೇ ಕೂತಿದ್ದಾನಲ್ಲ, ಇನ್ನೇನು ಅವಸರ ಎಂದು ತಾನೂ ಕೂತ. ಮೂರನೆಯವನಿಗೆ ಯೋಚಿಸುವ ಅಗತ್ಯವೂ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ನಲವತ್ತು ನಂಬರೂ ಜಗಲಿ, ಮೆಟ್ಟಿಲು, ತುಳಸಿಕಟ್ಟೆಯ ಸುತ್ತ ಹರಡಿಕೊಂಡು ಬೆಲ್ಲ ನೀರು ಕುಡಿಯುತ್ತ, ಸಕ್ಕರೆ ಕಾಯಿಲೆಗೆ ಹಾಗಲಕಾಯಿ ಒಳ್ಳೆಯದೋ ಮೆಂತ್ಯವೋ ಎಂದು ಚರ್ಚಿಸತೊಡಗಿದವು. ಹದಿನೇಳನೇ ನಂಬರು ನಮ್ಮವರದು. ಅವರು ಮೂರನೇ ಲೋಟಕ್ಕೆ ಕೈ ಚಾಚಿದ್ದರು. ನಾನಾದರೂ ಎಬ್ಬಿಸಬೇಕಿತ್ತು, ಆದರೆ ಲೋಟಗಳ ತಟ್ಟೆ ನನ್ನ ಕೈಯಲ್ಲಿತ್ತು.

ಆಗ ಮಾಸ್ತರು ಬಂದರು. ಹೋದವರು ಯಾರೂ ಹಿಂದೆ ಬರಲಿಲ್ಲವೆಂದು ಗಾಬರಿಯಾಗಿ, ಗೇಟಿನಿಂದ ಇಲ್ಲಿಯವರೆಗೆ ಓಡಿಯೇ ಬಂದಿದ್ದರು. ಕೊರಳಲ್ಲಿ ಸೀಟಿ, ಕೈಯಲ್ಲಿ ವಾಚು. ಅಂಗಳವನ್ನೊಮ್ಮೆ ನೋಡಿದರು.

“ಇದೊಂದ ಓಡಾಕ ಹತ್ತೇತ್ರಿ” ಎಂದು ವಾಚು ತೋರಿಸಿದರು. “ಉಳಿದಾವ್ರೆಲ್ಲ ಕುಂತೀರಿ.”

“ನೀವೂ ಕೂತ್ಕಳಿ ಮಾಸ್ತರೆ, ಎಲ್ಲ ಸೇರೇ ಹೋಪ” ಎಂದರು ನಮ್ಮವರು.

“ಸೇರಿ ಹೋದ್ರ ಅದಕ್ಕ ಮೆರವಣಿಗಿ ಅಂತಾರ್ರಿ.”

ಗೋದಕ್ಕ ಕಷಾಯದ ಲೋಟ ಹಿಡಿದು ಎದುರು ನಿಂತಳು. ಮಾಸ್ತರು ಲೋಟ ನೋಡಿದರು, ವಾಚು ನೋಡಿದರು. “ಬ್ಯಾಡ್ರಿ ಅಕ್ಕಾರ. ಯಾರರ ಒಬ್ರು ಓಡಬೇಕಲ್ರಿ” ಎಂದವರೇ ನನ್ನ ತಟ್ಟೆಯ ಮೂಲೆಯಿಂದ ಒಂದು ರಿಬ್ಬನ್ ಎಳೆದು ಮುಷ್ಟಿಯಲ್ಲಿ ಹಿಡಿದು, ಬಂದ ದಾರಿಯಲ್ಲೇ ಓಡಿಬಿಟ್ಟರು.

ಹಾಗಲಕಾಯಿ, ಮೆಂತ್ಯ ಎರಡೂ ನಿಂತವು. ಗೋದಕ್ಕ ಲೋಟದ ಕಷಾಯವನ್ನು ತಂಬಿಗೆಗೆ ಹೊಯ್ದು, ಮುಚ್ಚಳ ಹಾಕಿ, ಸೆರಗು ಸಿಕ್ಕಿಸಿಕೊಂಡಳು. “ಆಸ್ರಿ ಕುಡೀದೆ ಮಾಸ್ತರು ಹ್ಯಾಂಗೆ ಹೋಗ್ತ ನೋಡ್ತೆ” ಎಂದು ರಸ್ತೆಗಿಳಿದಳು.

ಅರವತ್ತರ ಹತ್ತಿರದ ಹೆಂಗಸು ಓಡುವಾಗ ಕೂತಿರುವುದು ಹೇಗೆ? ನಲವತ್ತು ನಂಬರೂ ಎದ್ದವು. ನಾನೂ ಓಡಿದೆ, ತಟ್ಟೆ ಕೆಳಗಿಡುವುದನ್ನು ಮರೆತು. ಹೊಟ್ಟೆಯೊಳಗಿನ ಬೆಲ್ಲ ನೀರು ಕುಲುಕಿ ಯಾರೂ ಗೋದಕ್ಕನನ್ನು ದಾಟಲಾಗಲಿಲ್ಲ.

ಶಾಲೆಯ ಗೇಟಿಗೆ ಮಾಸ್ತರು ಎಲ್ಲರಿಗಿಂತ ಮೊದಲು ತಲುಪಿದರು. ಅಡ್ಡ ಕಟ್ಟಿದ ದಾರಕ್ಕೆ ಇನ್ನೆರಡು ಹೆಜ್ಜೆ. ಅಲ್ಲಿ ನಿಂತು ತಿರುಗಿ ನೋಡಿದರು. ತಂಬಿಗೆ ಹಿಡಿದ ಗೋದಕ್ಕ ಬರುತ್ತಿದ್ದಳು. ಮಾಸ್ತರು ಪಕ್ಕಕ್ಕೆ ಸರಿದು, ಮೈ ನೆಟ್ಟಗೆ ಮಾಡಿ, ವಾಚು ಎತ್ತಿ ಹಿಡಿದರು. ದಾರವೊಂದು ಇದೆಯೆಂದೇ ಅರಿಯದ ಗೋದಕ್ಕ ಅದನ್ನು ಹರಿದುಕೊಂಡು ಬಂದಳು. ಟಕ್ ಎಂದು ವಾಚು ನಿಂತಿತು.

“ಈಗ ಕುಡೀರಿ” ಎಂದಳು.

ಮಾಸ್ತರು ವಾಚಿನಿಂದ ಕಣ್ಣು ತೆಗೆಯದೆ ಪೂರಾ ತಂಬಿಗೆ ಕುಡಿದರು. ಆಮೇಲೆ ಪುಸ್ತಕ ತೆಗೆದು, “ಪೂರ್ತಿ ಹೆಸರು ಹೇಳ್ರಿ” ಎಂದರು.

“ಅತ್ತಿಗೆ ಶುರುವಿಂದ ಓಡಿದ್ದೇ ಇಲ್ಲೆ” ಎಂದು ತಕರಾರು ಎತ್ತಿದರು ನಮ್ಮವರು, ಪಕ್ಕೆ ಹಿಡಿದುಕೊಂಡು.

“ನೀವೂ ಓಡಿಲ್ರಿ” ಎಂದು ಮಾಸ್ತರು ಬರೆದುಕೊಂಡರು.

ಪ್ರತಿವರ್ಷ ನಡೆಸುವುದೆಂದು ಶುರುವಾದ ಓಟ ಅದೊಂದೇ ವರ್ಷಕ್ಕೆ ಸಾಕಾಯಿತು. ಮಾಸ್ತರು ನಿವೃತ್ತರಾಗಿ ಊರಿಗೆ ಹೋದರು. ಶಿರಸಿಗೆ ಬಂದಾಗಲೆಲ್ಲ ಮೊದಲು ಗೋದಕ್ಕನ ಮನೆ, ಕಷಾಯ, ಆಮೇಲೆ ನಮ್ಮನೆ. ಒಮ್ಮೆ ಜೊತೆಗೆ ಬಂದ ಅವರ ಹೆಂಡತಿ, “ಅನ್ನ ಹೊತ್ತಿದ್ರೂ ಆ ವಾಚ್ ಮುಟ್ಟಗೊಡಂಗಿಲ್ರಿ ಇವ್ರು” ಎಂದು ದೂರಿದರು. ಮಾಸ್ತರು ಜೇಬಿನಿಂದ ತೆಗೆದು ತೋರಿಸಿದರು. ಮುಳ್ಳು ಗೋದಕ್ಕ ನಿಲ್ಲಿಸಿದಲ್ಲೇ ಇತ್ತು. ಅವರು ಅದನ್ನು ಸೊನ್ನೆಗೆ ತಂದಿರಲೇ ಇಲ್ಲ.

ಮಸಿಬಟ್ಟೆಗೆಂದು ತೆಗೆದದ್ದನ್ನು ಒಗೆದು ಒಣಗಲು ಹಾಕಿದೆ. ಪಾತ್ರೆಯನ್ನು ಸೆರಗಿನಿಂದಲೇ ಇಳಿಸಿ ಬೆರಳು ಸುಟ್ಟುಕೊಂಡೆ. ಮಧ್ಯಾಹ್ನ ಅನ್ನ, ಒಂದೆಲಗದ ತಂಬುಳಿ, ಸುಟ್ಟ ಹಪ್ಪಳ. ಉಂಡ ಮೇಲೆ ಚಾಪೆ ಹಾಸಿದೆ. ಮೊದಲು ನಿದ್ದೆ ಹೋದವರು ಹದಿನೇಳನೇ ನಂಬರಿನವರು.